ದೊಡ್ಡಕರುಳಿನ ಕ್ಯಾನ್ಸರ್ ತಪಾಸಣೆಯ ಇತಿಹಾಸ

ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರನ್ನು, ಯಾವ ತೊಂದರೆಯೂ ಇಲ್ಲದವರಲ್ಲಿ ಮುಂಚಿತವಾಗಿಯೇ ಹುಡುಕುವ ಕ್ರಮಕ್ಕೆ ದೊಡ್ಡಕರುಳಿನ ಕ್ಯಾನ್ಸರ್ ತಪಾಸಣೆ ಎನ್ನುತ್ತಾರೆ. ಈ ರೋಗ ಬಹುಮಟ್ಟಿಗೆ ಕರುಳಿನ ಒಳಪೊರೆಯಲ್ಲಿ ಮೂಡುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗುತ್ತದೆ. ಗಂಟು ಕ್ಯಾನ್ಸರಾಗಿ ಮಾರ್ಪಡಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುವುದರಿಂದ, ಆ ಅವಧಿಯಲ್ಲಿ ಅದನ್ನು ಕಂಡು ತೆಗೆದುಹಾಕಿದರೆ ರೋಗ ಹುಟ್ಟುವುದನ್ನೇ ತಡೆಯಬಹುದು. 1920ರ ದಶಕದ ಕೊನೆಯಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಲಾಕ್‌ಹಾರ್ಟ್-ಮಮ್ಮೆರಿ ಮತ್ತು ಕತ್ಬರ್ಟ್ ಡ್ಯೂಕ್ಸ್ ಗಂಟಿಗೂ ಕ್ಯಾನ್ಸರಿಗೂ ಇರುವ ಈ ನಂಟನ್ನು ಗುರುತಿಸಿದ್ದರೂ ಅದು ಚಿಕಿತ್ಸೆಯಲ್ಲಿ ಬಳಕೆಗೆ ಬರಲು ಸುಮಾರು ನಾಲ್ಕು ದಶಕ ಬೇಕಾಯಿತು.

ಮಲದಲ್ಲಿ ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದಲ್ಲಿರುವ ಗುಪ್ತರಕ್ತವು ಜೀರ್ಣಾಂಗದ ಕ್ಯಾನ್ಸರಿನ ಸುಳಿವಾಗಬಲ್ಲದೆಂದು ಬರ್ಲಿನ್ನಿನ ಇಸ್ಮಾರ್ ಬೋಆಸ್ 20ನೆಯ ಶತಮಾನದ ಆರಂಭದಲ್ಲೇ ತೋರಿಸಿದ್ದರು. ಅದನ್ನು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯಾಗಿಸಿದವರು ಅಮೆರಿಕದ ಒಹಾಯೊ ರಾಜ್ಯದ ವೈದ್ಯ ಡೇವಿಡ್ ಗ್ರೀಗರ್. 1967ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ರೋಗಿಯು ಮಾಂಸ ಬಿಟ್ಟ ಆಹಾರ ಸೇವಿಸುತ್ತ, ಮೂರು ದಿನ ಬೆನ್ನುಬೆನ್ನಿಗೆ ಚೂರು ಮಲವನ್ನು ಗ್ವಾಯಕಂ ಮರದ ಅಂಟನ್ನು ಹೀರಿಕೊಂಡ ಕಾಗದದ ಮೇಲೆ ಸವರಿ ವೈದ್ಯರಿಗೆ ತಲುಪಿಸಬೇಕಿತ್ತು. ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದಾಗ ಕಾಗದ ನೀಲಿಗೆ ತಿರುಗಿದರೆ ರಕ್ತವಿದೆ ಎಂದರ್ಥ. ಇದಾದ ಎರಡೇ ವರ್ಷಗಳಲ್ಲಿ, 1969ರಲ್ಲಿ, ನ್ಯೂಯಾರ್ಕಿನ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಅವರು ಬಾಗುವ ನಳಿಕೆಯ ಮೂಲಕ ದೊಡ್ಡಕರುಳನ್ನು ನೋಡುವ ಕೊಲೊನೋಸ್ಕೋಪಿಯ ವೇಳೆಯಲ್ಲೇ, ತಂತಿಯ ಕುಣಿಕೆ ಹಾಕಿ ಪಾಲಿಪನ್ನು ಕತ್ತರಿಸಿ ತೆಗೆದರು. ಹೊಟ್ಟೆ ಕೊಯ್ಯದೆಯೇ ಗಂಟು ತೆಗೆಯಲು ಸಾಧ್ಯವಾದುದು ಈ ಇತಿಹಾಸದ ದೊಡ್ಡ ತಿರುವು.

ಆದರೂ ತಪಾಸಣೆಯಿಂದ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕಿದ್ದು 1993ರಲ್ಲಿ. ಮಿನ್ನೆಸೋಟದಲ್ಲಿ 50ರಿಂದ 80 ವರ್ಷದ 46,551 ಜನರ ಮೇಲೆ ನಡೆದ ಅಧ್ಯಯನವು, ವರ್ಷಕ್ಕೊಮ್ಮೆ ಗುಪ್ತರಕ್ತ ಪರೀಕ್ಷೆಯ ಅವಕಾಶ ಪಡೆದವರಲ್ಲಿ 13 ವರ್ಷಗಳ ಅವಧಿಯಲ್ಲಿ ಈ ಕ್ಯಾನ್ಸರಿನ ಸಾವು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತೆಂದು ತೋರಿಸಿತು. ಅಷ್ಟು ಅಗ್ಗದ ಕಾಗದದ ಪರೀಕ್ಷೆಯೊಂದು ಇಷ್ಟು ಜೀವಗಳನ್ನು ಉಳಿಸಬಲ್ಲದೆಂಬುದು ನಿಜಕ್ಕೂ ಅಸಾಧಾರಣ ಫಲಿತಾಂಶ. ಮನುಷ್ಯರ ರಕ್ತವನ್ನಷ್ಟೇ ಗುರುತಿಸುವ, ಆದ್ದರಿಂದ ಪಥ್ಯ ಬೇಡದ ಎಫ್‌ಐಟಿ ಪರೀಕ್ಷೆ ಮುಂದೆ ಅದರ ಸ್ಥಾನಕ್ಕೆ ಬಂದಿತು. ಜಪಾನ್ 1992ರಲ್ಲೇ ಅದನ್ನು 40 ದಾಟಿದವರಿಗಾಗಿ ರಾಷ್ಟ್ರಮಟ್ಟದಲ್ಲಿ ಜಾರಿಗೊಳಿಸಿತ್ತು. ಇಂಗ್ಲೆಂಡಿನ ತಪಾಸಣಾ ಕಾರ್ಯಕ್ರಮ 2006ರಲ್ಲಿ 60 ದಾಟಿದವರಿಂದ ಆರಂಭವಾಯಿತು.

ಪರೀಕ್ಷೆ ಎಷ್ಟೇ ಸೂಕ್ಷ್ಮವಾಗಿದ್ದರೂ ಜನ ಅದನ್ನು ಮಾಡಿಸಿಕೊಳ್ಳದಿದ್ದರೆ ಫಲವಿಲ್ಲ. ಪೋಲೆಂಡ್, ನಾರ್ವೆ, ಸ್ವೀಡನ್‌ಗಳ ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಲೊನೋಸ್ಕೋಪಿಗೆ ಆಹ್ವಾನ ಪಡೆದವರ ಪೈಕಿ ಮಾಡಿಸಿಕೊಂಡವರು ಶೇ. 42 ಮಾತ್ರ, ಆಹ್ವಾನಿತರಲ್ಲಿ ರೋಗ ಬರುವ ಸಂಭವ ಹತ್ತು ವರ್ಷಗಳಲ್ಲಿ ಶೇ. 18ರಷ್ಟು ಇಳಿದರೂ ಸಾವಿನ ಪ್ರಮಾಣದಲ್ಲಿ ಖಚಿತವಾದ ಇಳಿಕೆ ಕಾಣಲಿಲ್ಲ.

50ರ ಕೆಳಗಿನವರಲ್ಲೂ ರೋಗ ಹೆಚ್ಚುತ್ತಿರುವುದನ್ನು ಗಮನಿಸಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2018ರಲ್ಲಿ ತಪಾಸಣೆಯ ವಯಸ್ಸನ್ನು 45ಕ್ಕೆ ಇಳಿಸಿತು; 2021ರಲ್ಲಿ ಅಲ್ಲಿನ ರೋಗತಡೆ ಸೇವೆಗಳ ಕಾರ್ಯಪಡೆಯೂ ಅದನ್ನೇ ಅನುಸರಿಸಿತು. ಅಲ್ಲಿ ಎಫ್‌ಐಟಿ ವರ್ಷಕ್ಕೊಮ್ಮೆ, ಕೊಲೊನೋಸ್ಕೋಪಿಯಲ್ಲಿ ಏನೂ ಕಾಣದಿದ್ದರೆ ಹತ್ತು ವರ್ಷಕ್ಕೊಮ್ಮೆ ಎಂಬುದು ವಾಡಿಕೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ 40ನೆಯ ವಯಸ್ಸಿನಲ್ಲಿ, ಇಲ್ಲವೇ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವುಗಳಲ್ಲಿ ಯಾವುದು ಮುಂಚೆಯೋ ಆಗ ಆರಂಭಿಸಬೇಕೆಂಬುದು ಸಾಮಾನ್ಯ ಸಲಹೆ.

ಭಾರತದಲ್ಲಿ ಈ ರೋಗದ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. 2016ರಲ್ಲಿ ರೂಪಿಸಿದ ಸರ್ಕಾರಿ ತಪಾಸಣಾ ಮಾರ್ಗಸೂಚಿಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳಿಗೆ ಮಾತ್ರ ಸ್ಥಾನ ದೊರೆಯಿತು. ಹಾಗಾಗಿ ಇಲ್ಲಿ ಮೊದಲ ಎಚ್ಚರಿಕೆ ರೋಗಿಯದೇ ಆಗಿರಬೇಕಾಗುತ್ತದೆ. ಮಲದಲ್ಲಿ ರಕ್ತ ಕಂಡಾಗ ಅದನ್ನು ಮೂಲವ್ಯಾಧಿಯೆಂದು ತಾನೇ ತೀರ್ಮಾನಿಸಿ ಮನೆಮದ್ದಿನಲ್ಲಿ ದಿನ ಕಳೆಯದೆ, ವಯಸ್ಸು ಎಷ್ಟೇ ಇರಲಿ, ವೈದ್ಯರಲ್ಲಿಗೆ ಹೋಗಿ ತೋರಿಸಿಕೊಳ್ಳುವುದು ಅಗತ್ಯ.