ನಗರನೋಟದ ಮುದ್ರಣಚಿತ್ರಗಳು

ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ ಊರಿನ ಚಿತ್ರಗಳು. 17ನೇ ಶತಮಾನದ ಡಚ್ಚರಲ್ಲಿ ಇವು ದೊಡ್ಡ ವ್ಯಾಪಾರವಾಗಿ ಬೆಳೆದವು. ಕ್ಲಾಸ್ ಯಾನ್ಸ್ ವಿಸ್ಷರ್‌ನ 1611ರ ಆಮ್‌ಸ್ಟರ್‌ಡ್ಯಾಮ್ ನೋಟದಲ್ಲಿ ನಗರವೇ ಹೆಣ್ಣಾಗಿ ಕುಳಿತು ದೇಶವಿದೇಶದವರಿಂದ ಕಾಣಿಕೆ ಪಡೆಯುತ್ತಾಳೆ. ರಾಜನ ಗದ್ದುಗೆಯಲ್ಲಿ ಈಗ ಕೂತಿರುವುದು ವರ್ತಕರ ಊರು!

ಕನ್ನಡ ನಾಡಿನ ಇಂಥ ಚಿತ್ರಗಳಲ್ಲಿ ಕೆಲವು ಇಂಗ್ಲಿಷರ ದಂಡಿನೊಡನೆ ಬಂದವು. ಟಿಪ್ಪು ಸುಲ್ತಾನನ ಮೇಲೆ ಯುದ್ಧಕ್ಕೆ ಬಂದ ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆಯ ಜೊತೆ ತಿರುಗಿದ ಚಿತ್ರಕಾರ ರಾಬರ್ಟ್ ಹೋಮ್‌ನ ಮೈಸೂರು ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಇವನ್ನು ಓದುವವರು ಮೊದಲು ಕೇಳಬೇಕಾದ್ದು, ಚಿತ್ರಕಾರ ಎಲ್ಲಿ ನಿಂತಿದ್ದ ಎಂದು. ಹೋಮ್ ನಿಂತದ್ದು ಗೆಲ್ಲುವವರ ಬಿಡಾರದ ಕಡೆ. ನೇಕಾರರು, ವರ್ತಕರು ಬಾಳುತ್ತಿದ್ದ ಬೆಂಗಳೂರು ಪೇಟೆ 1791ರ ಮಾರ್ಚ್ 7ರಂದು, ಕೋಟೆ 21ರಂದು ಇಂಗ್ಲಿಷರ ವಶವಾದವು. ಹೋಮ್‌ನ ಕಣ್ಣು ಮಾತ್ರ ಹೆಚ್ಚಾಗಿ ಕೋಟೆ, ದುರ್ಗಗಳ ಮೇಲೆಯೇ.