ಪ್ರೊಸೆಸರ್ ಓವರ್‌ಕ್ಲಾಕ್ ಮಾಡ್ತೀರಾ? ಮೊದಲು ಇದನ್ನ ಓದಿ

ಕಂಪನಿ ಇಟ್ಟಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರ್ ಓಡಿಸೋದೇ ಓವರ್‌ಕ್ಲಾಕಿಂಗ್. ಇಂಟೆಲ್ ಆದ್ರೆ ಹೆಸರಿನ ಕೊನೆಗೆ 'ಕೆ' ಇರುವ ಪ್ರೊಸೆಸರ್, ಝಡ್ ಸರಣಿಯ ಮದರ್‌ಬೋರ್ಡ್ ಬೇಕು. ಎಎಂಡಿ ರೈಝನ್ ಬಹುತೇಕ ಎಲ್ಲಕ್ಕೂ ಆಗುತ್ತೆ. ಆದ್ರೆ ಎ520 ಬೋರ್ಡಲ್ಲಿ ಆಗಲ್ಲ, ಬಿ550 ಇರಲಿ.

ಬಯಾಸ್‌ನಲ್ಲಿ ಮಲ್ಟಿಪ್ಲೈಯರ್ ಒಂದು ಏರಿಸಿದರೆ ವೇಗ 100 ಮೆಗಾಹರ್ಟ್ಸ್ ಹೆಚ್ಚುತ್ತೆ. ಒಂದೊಂದೇ ಏರಿಸಿ, ಪ್ರತಿ ಸಲ ಅರ್ಧ ಗಂಟೆ ಸಿನೆಬೆಂಚ್ ಓಡಿಸಿ ನೋಡಿ. ಬಿಸಿ 85 ಡಿಗ್ರಿ ದಾಟಿದ್ರೆ, ಹ್ಯಾಂಗ್ ಆದ್ರೆ ಒಂದು ಇಳಿಸಿ, ಅಲ್ಲಿಗೇ ನಿಲ್ಲಿಸಿ.

ಹೊಸಬರು ವೋಲ್ಟೇಜ್ ಏರಿಸಲೇಬೇಡಿ. ಚಿಪ್ ಸುಡೋದು ಹೆಚ್ಚಾಗಿ ಅದರಿಂದಲೇ, ವಾರಂಟಿಯೂ ಹೋಗಬಹುದು. 'ಆಟೋ'ದಲ್ಲಿ ಬಿಟ್ರೆ ಕೆಲವು ಬೋರ್ಡ್ ತಾವೇ ಏರಿಸುತ್ತವೆ, ಅದನ್ನೂ ಗಮನಿಸಿ.

ಆನ್ ಆಗ್ಲಿಲ್ವಾ? ಪ್ಲಗ್ ಕಿತ್ತು, ಬೋರ್ಡಿನ ಬಟನ್ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಹಳೇ ಸೆಟ್ಟಿಂಗ್ ಬರುತ್ತೆ. ಡಿಸೆಂಬರ್ ಚಳೀಲಿ ತಡೆದ ವೇಗ ಮೇ ಸೆಕೆಗೆ ತಡೀದೇ ಇರಬಹುದು, ಬೇಸಿಗೇಲಿ ಮತ್ತೊಮ್ಮೆ ಪರೀಕ್ಷಿಸಿ.