ಉಸ್ತಾದ್ ಮನ್ಸೂರ್: ಹಕ್ಕಿಯನ್ನು ಕಂಡು ಬರೆದ ಕಲಾವಿದ

ನಮ್ಮ ರಾಜ್ಯಪಕ್ಷಿ ನೀಲಕಂಠವನ್ನು ತೈಲವರ್ಣದಲ್ಲಿ ಬರೆಯಬೇಕೆಂದು ಹೊರಟ ಇಂದಿನ ವಿದ್ಯಾರ್ಥಿ ಮೊದಲು ಹುಡುಕುವುದು ಒಂದು ಒಳ್ಳೆಯ ಫೋಟೋವನ್ನು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಂತಿಯ ಮೇಲೆ ಸುಮ್ಮನೆ ಕುಳಿತ ನೀಲಕಂಠದ ಫೋಟೋದಲ್ಲಿ ಅದರ ರೆಕ್ಕೆಯ ನೀಲಿ ಬಹುಪಾಲು ಮುಚ್ಚಿಹೋಗಿರುತ್ತದೆ. ಅದು ಹಾರಿದಾಗಲೇ ಆ ನೀಲಿಯ ಎರಡು ಛಾಯೆಗಳು ಬಿಚ್ಚಿಕೊಳ್ಳುವುದು. ಇನ್ನೊಂದು ಸೋಜಿಗವೆಂದರೆ ನೀಲಕಂಠದ ಕಂಠ ನೀಲಿಯಲ್ಲ. ನಸುಗೆಂಪು ಬೆರೆತ ಕಂದು ಬಣ್ಣದ ಮೇಲೆ ಬಿಳಿಯ ಸಣ್ಣ ಗೀರುಗಳು, ಅಷ್ಟೇ. ಹೆಸರನ್ನು ನಂಬಿ ಬರೆದವನೂ ಒಂದೇ ಫೋಟೋವನ್ನು ನಂಬಿ ಬರೆದವನೂ ಹಕ್ಕಿಯನ್ನು ಅರ್ಧ ಮಾತ್ರ ಬರೆದಂತಾಗುತ್ತದೆ. ಹಾಗಾದರೆ ಫೋಟೋ ಎಂಬುದೇ ಇಲ್ಲದ ಕಾಲದಲ್ಲಿ ಪಕ್ಷಿ ಚಿತ್ರಕಾರರು ಏನು ಮಾಡುತ್ತಿದ್ದರು? ಈ ಪ್ರಶ್ನೆಗೆ ಉತ್ತರ ಹುಡುಕುವವರು ಸುಮಾರು ನಾಲ್ಕು ಶತಮಾನಗಳ ಹಿಂದೆ ಹೋಗಿ ಉಸ್ತಾದ್ ಮನ್ಸೂರರ ಬಳಿ ನಿಲ್ಲಲೇಬೇಕು.

ಮನ್ಸೂರ್ ಅಕ್ಬರ್ ಬಾದಶಹನ ಚಿತ್ರಶಾಲೆಯಲ್ಲಿ ಕೆಲಸ ಕಲಿತವರು. ಬಾಬರ್‌ನಾಮಾದ ಸಚಿತ್ರ ಪ್ರತಿಗಳಿಗೆ ಪ್ರಾಣಿ ಪಕ್ಷಿಗಳ ಚಿತ್ರ ಬರೆದವರಲ್ಲಿ ಅವರೂ ಒಬ್ಬರು. ಆದರೆ ಅವರ ಪ್ರತಿಭೆ ಪೂರ್ತಿಯಾಗಿ ಬೆಳಗಿದ್ದು ಜಹಾಂಗೀರನ ಆಳ್ವಿಕೆಯಲ್ಲಿ, ಅಂದರೆ 1605ರಿಂದ 1627ರ ನಡುವೆ. ಜಹಾಂಗೀರ್ ಅವರಿಗೆ 'ನಾದಿರ್-ಉಲ್-ಅಸ್ರ್', ಎಂದರೆ 'ಯುಗದ ಅದ್ಭುತ', ಎಂಬ ಬಿರುದು ನೀಡಿದ. ಈ ಬಾದಶಹನ ಕುಡಿತ ಮತ್ತು ವಿಲಾಸಗಳ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಧಾರಾಳವಾಗಿ ಹೇಳುತ್ತವೆ. ಅವನು ಒಬ್ಬ ನಿಸರ್ಗ ವೀಕ್ಷಕನಾಗಿದ್ದ ಎಂಬುದನ್ನು ಹೇಳುವುದು ಕಡಿಮೆ. ಸಾಕಿದ ಜೋಡಿ ಸಾರಸ್ ಕೊಕ್ಕರೆಗಳಿಗೆ ಲೈಲಾ, ಮಜ್ನೂ ಎಂದು ಹೆಸರಿಟ್ಟು, ಅವು ಮೊಟ್ಟೆಯಿಟ್ಟು ಕಾವು ಕೊಡುವುದನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ.

1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಬಾದಶಹನ ಅಪ್ಪಣೆಯ ಮೇಲೆ ಪೋರ್ಚುಗೀಸರ ಗೋವೆಗೆ ಹೋಗಿ ಅಪೂರ್ವ ವಸ್ತುಗಳನ್ನು ಕೊಂಡು ತಂದ. ಅವುಗಳಲ್ಲಿ ಒಂದು ಟರ್ಕಿ ಕೋಳಿ. ಅಮೆರಿಕ ಖಂಡದ ಆ ಹಕ್ಕಿಯನ್ನು ಆಗ್ರಾದಲ್ಲಿ ಕಂಡವರಿರಲಿಲ್ಲ. ಅದರ ತಲೆ ಕತ್ತುಗಳ ಬರಿಚರ್ಮ ಗಳಿಗೆಗೊಮ್ಮೆ ಬಣ್ಣ ಬದಲಿಸುವುದನ್ನು ಜಹಾಂಗೀರ್ ಬೆರಗಿನಿಂದ ವರ್ಣಿಸಿದ್ದಾನೆ. ಅದೇ ಪ್ರಸಂಗದಲ್ಲಿ ಅವನು ಹೇಳುವ ಒಂದು ಮಾತು ಮುಖ್ಯವಾದುದು. ತನ್ನ ಮುತ್ತಜ್ಜ ಬಾಬರ್ ಪ್ರಾಣಿಗಳ ರೂಪವನ್ನು ಬರಹದಲ್ಲಿ ವಿವರಿಸಿದರೂ ಚಿತ್ರಕಾರರಿಂದ ಅವುಗಳನ್ನು ಬರೆಸಲಿಲ್ಲ, ತಾನಾದರೋ ಬರೆಸಿದೆ, ಕೇಳಿದವರ ಬೆರಗು ನೋಡಿ ಇನ್ನಷ್ಟು ಹೆಚ್ಚಲಿ ಎಂದು. ಮನ್ಸೂರರ ಟರ್ಕಿ ಕೋಳಿಯ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಇದಕ್ಕಿಂತಲೂ ನನ್ನ ಮನಸ್ಸಿಗೆ ಹಿಡಿಸಿದ್ದು 1620ರ ಕಾಶ್ಮೀರದ ಘಟನೆ. ಅಲ್ಲಿನ ಒಂದು ಬೆಟ್ಟದ ಹೊಳೆಯ ಬಳಿ ಬಾದಶಹ 'ಸಾಜ್' ಹಕ್ಕಿಯನ್ನು ಹೋಲುವ ಒಂದು ಸಣ್ಣ ಹಕ್ಕಿಯನ್ನು ಕಂಡ. ಇಂದು ಡಿಪ್ಪರ್ ಎಂದು ಕರೆಯುವ ಹಕ್ಕಿ ಅದು. ನೀರಿನಲ್ಲಿ ಮುಳುಗಿ ಬಹಳ ಹೊತ್ತಿನ ಮೇಲೆ ಬೇರೊಂದು ಕಡೆ ಮೇಲೇಳುತ್ತಿತ್ತು. ನೋಡಿದರೆ ನೆಲದ ಹಕ್ಕಿ, ಮಾಡುವುದು ಬಾತುಕೋಳಿಯ ಕೆಲಸ! ಹಾಗಿದ್ದರೆ ಇದರ ಕಾಲ್ಬೆರಳುಗಳ ನಡುವೆ ಬಾತುಕೋಳಿಗಿರುವಂತೆ ಪೊರೆ ಇದೆಯೋ, ನೆಲದ ಹಕ್ಕಿಗಳಂತೆ ಬೆರಳುಗಳು ಬಿಡಿಯಾಗಿವೆಯೋ ಎಂಬ ಪ್ರಶ್ನೆ ಜಹಾಂಗೀರನಿಗೆ ಹುಟ್ಟಿತು. ಎರಡು ಹಕ್ಕಿಗಳನ್ನು ಹಿಡಿದು ತರಿಸಿದ. ಒಂದು ಕೂಡಲೇ ಸತ್ತಿತು, ಇನ್ನೊಂದು ಒಂದು ದಿನ ಬದುಕಿತು. ಪರೀಕ್ಷಿಸಿದಾಗ ಪೊರೆ ಇಲ್ಲವೆಂದು ತಿಳಿಯಿತು. ಅದರ ಚಿತ್ರ ಬರೆಯುವಂತೆ ಮನ್ಸೂರರಿಗೆ ಅಪ್ಪಣೆಯಾಯಿತು. ಇಲ್ಲಿ ಮೊದಲು ಹುಟ್ಟಿದ್ದು ಪ್ರಶ್ನೆ, ನಂತರ ಪರೀಕ್ಷೆ, ಆಮೇಲೆ ಚಿತ್ರ. ಹಾಗಾಗಿ ಆ ಚಿತ್ರ ಗೋಡೆಯ ಅಲಂಕಾರಕ್ಕಲ್ಲ, ತಿಳಿದುಕೊಂಡದ್ದನ್ನು ಉಳಿಸಿಡಲು. ಕಾಶ್ಮೀರದ ಅದೇ ಪ್ರವಾಸದಲ್ಲಿ ಮನ್ಸೂರ್ ನೂರಕ್ಕೂ ಹೆಚ್ಚು ಹೂಗಳ ಚಿತ್ರ ಬರೆದರೆಂದು ಆತ್ಮಕಥೆಯಲ್ಲಿದೆ.

ಮನ್ಸೂರ್ ತೈಲವರ್ಣವನ್ನು ಬಳಸಲಿಲ್ಲ. 1580ರಲ್ಲಿ ಗೋವೆಯಿಂದ ಫತೇಪುರ್ ಸಿಕ್ರಿಗೆ ಬಂದ ಜೆಸ್ಯುಟ್ ಪಾದ್ರಿಗಳ ಮೂಲಕ ಯುರೋಪಿನ ಚಿತ್ರಗಳು ಮೊಘಲ್ ದರಬಾರಿನಲ್ಲಿ ಹೆಸರು ಮಾಡಿದ್ದವು. ನಮ್ಮ ಚಿತ್ರಕಾರರು ಅವುಗಳಿಂದ ನೆರಳು ಬೆಳಕಿನ ವಿಧಾನವನ್ನು ಕಲಿತರು, ಎಣ್ಣೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಕಾಗದದ ಮೇಲೆ ಅಂಟು ಬೆರೆಸಿದ ನೀರಿನ ಬಣ್ಣ, ಅಳಿಲಿನ ಬಾಲದ ಕೂದಲಿನ ಕುಂಚ, ಕೊನೆಗೆ ಹೊಳಪಿಗಾಗಿ ನುಣುಪು ಕಲ್ಲಿನಿಂದ ಉಜ್ಜುವುದು — ಇದು ಅವರ ಪದ್ಧತಿ. ತೈಲವರ್ಣ ಒಣಗಲು ದಿನಗಟ್ಟಲೆ ಬೇಕು. ಆ ಹಸಿಯಲ್ಲೇ ಒಂದು ಬಣ್ಣವನ್ನು ಇನ್ನೊಂದಕ್ಕೆ ಬೆರೆಸಿ ಪುಕ್ಕದ ಮೃದುತ್ವ ತರಬಹುದು. ನೀರಿನ ಬಣ್ಣಕ್ಕೆ ಆ ಸೌಕರ್ಯವಿಲ್ಲ, ಬೇಗ ಒಣಗುತ್ತದೆ. ಆದ್ದರಿಂದ ಒಂದೊಂದು ಗರಿಯನ್ನೂ ಎಳೆ ಎಳೆಯಾಗಿ ಬರೆಯಬೇಕು. ಎಷ್ಟು ಗರಿ, ಯಾವುದರ ಮೇಲೆ ಯಾವುದು ಎಂಬುದು ಗೊತ್ತಿಲ್ಲದೆ ಹಾಗೆ ಬರೆಯಲು ಬರುವುದಿಲ್ಲ.

ಫೋಟೋದ ಕೆಲಸವನ್ನು ಆಗ ಮಾಡುತ್ತಿದ್ದುದು 'ಚರ್ಬಾ'. ಜಿಂಕೆಯ ಪಾರದರ್ಶಕ ತೆಳು ಚರ್ಮವನ್ನು ಮೂಲ ಚಿತ್ರದ ಮೇಲಿಟ್ಟು ರೇಖೆಗಳನ್ನು ತೆಗೆದು, ರೇಖೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಹೊಸ ಕಾಗದದ ಮೇಲಿಟ್ಟು ಇದ್ದಿಲ ಪುಡಿಯನ್ನು ತಟ್ಟಿದರೆ ಚುಕ್ಕಿ ಚುಕ್ಕಿಯಾಗಿ ಆಕೃತಿ ಇಳಿಯುತ್ತಿತ್ತು. ನಕಲು ಮಾಡುವುದರಲ್ಲಿ ಆ ಚಿತ್ರಶಾಲೆಯವರು ಎಷ್ಟು ನಿಪುಣರೆಂದರೆ, 1616ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ತಾನು ತಂದಿದ್ದ ಚಿತ್ರವನ್ನೂ ಅದರ ನಕಲುಗಳನ್ನೂ ದೀಪದ ಬೆಳಕಿನಲ್ಲಿ ಪಕ್ಕ ಪಕ್ಕ ನೋಡಿ, ತನ್ನದು ಯಾವುದೆಂದು ಗುರುತಿಸಲು ತಡಬಡಾಯಿಸಿದ. ಇಷ್ಟು ನೈಪುಣ್ಯವಿದ್ದವರು ಹಕ್ಕಿಯ ವಿಷಯ ಬಂದಾಗ ಜೀವಂತ ಹಕ್ಕಿಯನ್ನೇ ಎದುರಿಗಿಟ್ಟುಕೊಂಡರು ಎಂಬುದು ಗಮನಿಸಬೇಕಾದ ಸಂಗತಿ.

ಜೀವಿಗಳ ಚಿತ್ರ ಬರೆಯುವುದು ಸರಿಯೇ ಎಂಬ ಪ್ರಶ್ನೆಯನ್ನು ಇಂದಿಗೂ ನಮ್ಮ ಕೆಲವು ವಿದ್ಯಾರ್ಥಿಗಳು ಕೇಳುತ್ತಾರೆ. ಆಗಲೂ ಅದು ಇತ್ತು. ಚಿತ್ರಕಾರನು ಒಂದೊಂದೇ ಅವಯವವನ್ನು ಬರೆಯುತ್ತಾ, ಜೀವ ಕೊಡುವುದು ತನ್ನಿಂದಾಗದು ಎಂದು ಅರಿತು ಸೃಷ್ಟಿಕರ್ತನತ್ತ ತಿರುಗುತ್ತಾನೆ ಎಂದು ಅಕ್ಬರ್ ವಾದಿಸಿದ್ದನ್ನು ಅಬುಲ್ ಫಜಲ್ ದಾಖಲಿಸಿದ್ದಾನೆ. ಉಲಮಾಗಳೆಲ್ಲ ಅದನ್ನು ಒಪ್ಪಿದರೆಂದಲ್ಲ. ತೀರ್ಪು ಕೊಡುವುದು ಈ ಲೇಖನದ ಕೆಲಸವೂ ಅಲ್ಲ.

ಕೋಲ್ಕತಾದ ಇಂಡಿಯನ್ ಮ್ಯೂಸಿಯಂನಲ್ಲಿ ಮನ್ಸೂರರ ಎರಡು ಪ್ರಸಿದ್ಧ ಚಿತ್ರಗಳಿವೆ. ಒಂದು ಸೈಬೀರಿಯದ ಬಿಳಿ ಕೊಕ್ಕರೆ, ಇನ್ನೊಂದು ನಮ್ಮ ಎರೆಭೂತದ ಬಂಧುವಾದ ಬಂಗಾಳ ಫ್ಲೋರಿಕನ್. ಯುರೋಪಿನ ವಿಜ್ಞಾನಿಗಳು ಕೊಕ್ಕರೆಗೆ ಶಾಸ್ತ್ರೀಯ ಹೆಸರು ಕೊಟ್ಟದ್ದು 1773ರಲ್ಲಿ, ಫ್ಲೋರಿಕನ್‌ಗೆ 1789ರಲ್ಲಿ. ಅದಕ್ಕೂ ಸುಮಾರು ಒಂದೂವರೆ ಶತಮಾನ ಮೊದಲೇ ಆ ಹಕ್ಕಿಗಳು ಗುರುತು ತಪ್ಪದಂತೆ ಕಾಗದಕ್ಕೆ ಇಳಿದಿದ್ದವು. ಆ ಬಿಳಿ ಕೊಕ್ಕರೆ ಪ್ರತಿ ಚಳಿಗಾಲ ಭರತಪುರಕ್ಕೆ ಬರುತ್ತಿತ್ತು. 2001-02ರ ಚಳಿಗಾಲದಲ್ಲಿ ಕೊನೆಯ ಜೋಡಿ ಬಂದುಹೋಯಿತು. ಆಮೇಲೆ ಬರಲಿಲ್ಲ.

ಮನ್ಸೂರರ ದಾರಿಯಲ್ಲಿ ನಡೆದ ಇನ್ನೊಬ್ಬರು ಪಾಟ್ನಾದ ಶೇಖ್ ಜೈನುದ್ದೀನ್. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯ ಪತ್ನಿ ಮೇರಿ ಇಂಪೆ ತನ್ನ ತೋಟದಲ್ಲಿ ಹಕ್ಕಿಗಳನ್ನು ಸಾಕಿ, 1777ರಿಂದ 1782ರವರೆಗೆ ಜೈನುದ್ದೀನ್, ಭವಾನಿ ದಾಸ್ ಮತ್ತು ರಾಮ್ ದಾಸರಿಂದ 300ಕ್ಕೂ ಹೆಚ್ಚು ಚಿತ್ರಗಳನ್ನು ಬರೆಸಿದಳು. ಹಿಮಾಲಯದ ಮೋನಾಲ್ ಹಕ್ಕಿಯ ಶಾಸ್ತ್ರೀಯ ಹೆಸರಿನಲ್ಲಿ ಇಂಪೆಯ ಹೆಸರು ಸೇರಿದೆ. ಜೈನುದ್ದೀನರ ಹೆಸರು ಯಾವ ಹಕ್ಕಿಗೆ ಸೇರಿದೆಯೋ ನಾನರಿಯೆ ಎಂದು ಹೇಳುವ ಬದಲು, ಚಿತ್ರದ ಮೂಲೆಯಲ್ಲಿ ಪಾರ್ಸಿಯಲ್ಲಿ ಅವರ ಹೆಸರಿದೆ ಎಂದು ಹೇಳುವುದು ಲೇಸು. ಮೊಘಲರ ನಿಸರ್ಗ ವೀಕ್ಷಣೆಯನ್ನು ನಮ್ಮ ಕಾಲಕ್ಕೆ ಪರಿಚಯಿಸಿದ ಕೀರ್ತಿ ಡಾ. ಸಲೀಂ ಅಲಿಯವರಿಗೂ ಸಲ್ಲಬೇಕು. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದ ಅವರು, ಅದಕ್ಕೂ ಹತ್ತು ವರ್ಷಗಳಿಗೂ ಮೊದಲೇ, ಮೊಘಲ್ ಬಾದಶಹರನ್ನು ನಿಸರ್ಗ ವೀಕ್ಷಕರಾಗಿ ಕಾಣುವ ಲೇಖನಗಳನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು.

ಕೊನೆಯದಾಗಿ ಡೋಡೊ. ಮಾರಿಷಸ್ ದ್ವೀಪದ ಈ ಹಾರಲಾರದ ಹಕ್ಕಿ 17ನೆಯ ಶತಮಾನ ಮುಗಿಯುವುದರೊಳಗೆ ನಿರ್ನಾಮವಾಯಿತು. ನಮ್ಮ ಪುಸ್ತಕಗಳಲ್ಲಿ ಕಾಣುವ ಡೊಳ್ಳು ಹೊಟ್ಟೆಯ ಡೋಡೊ ಬಂದದ್ದು ಹೆಚ್ಚಾಗಿ ರೂಲಾಂಟ್ ಸಾವೆರಿ ಎಂಬ ಕಲಾವಿದನ ತೈಲವರ್ಣ ಚಿತ್ರಗಳಿಂದ. ಅವನ ಮಾದರಿ ಅತಿಯಾಗಿ ಮೇಯಿಸಿದ ಹಕ್ಕಿಯೋ ಹುಲ್ಲು ತುಂಬಿದ ಚರ್ಮವೋ ಆಗಿರಬೇಕೆಂದು ವಿದ್ವಾಂಸರ ಅನುಮಾನ. ಅವನು ಅದನ್ನೇ ಮತ್ತೆ ಮತ್ತೆ ಬರೆದ, ನಂತರದವರು ಹಕ್ಕಿಯನ್ನು ನೋಡದೆ ಅವನ ಚಿತ್ರವನ್ನು ನೋಡಿ ಬರೆದರು. ಒಂದು ಮಾದರಿಯ ದೋಷ ಎರಡು ಶತಮಾನಗಳಿಗೂ ಮಿಕ್ಕಿ ನಡೆಯಿತು. ಆದರೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸುಮಾರು 1625ರ ಒಂದು ಮೊಘಲ್ ಚಿತ್ರವಿದೆ. ಅದನ್ನು ವಿದ್ವಾಂಸರು ಮನ್ಸೂರರದೆಂದು ಗುರುತಿಸುತ್ತಾರೆ. ಅದರ ನಡುವೆ ಕಂದು ಬಣ್ಣದ ಡೋಡೊ ನಿಂತಿದೆ. ಸೂರತ್ತಿನಲ್ಲಿ ಎರಡು ಡೋಡೊಗಳನ್ನು ಕಂಡೆನೆಂದು ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಬರೆದಿರುವುದರಿಂದ, ಜೀವಂತ ಹಕ್ಕಿ ಇಲ್ಲಿಗೆ ಬಂದಿದ್ದುದರಲ್ಲಿ ಆಶ್ಚರ್ಯವಿಲ್ಲ. ಡೋಡೊದ ಚಿತ್ರಗಳಲ್ಲಿ ಅತ್ಯಂತ ನಂಬಲರ್ಹವಾದವುಗಳ ಸಾಲಿನಲ್ಲಿ ಇಂದಿನ ವಿಜ್ಞಾನಿಗಳು ಇದನ್ನು ಇಟ್ಟಿದ್ದಾರೆ.

ಹಾಗೆ ನಂಬಲು ಅದೇ ಹಾಳೆಯಲ್ಲಿ ಒಂದು ಕಾರಣವಿದೆ. ಡೋಡೊದ ಸುತ್ತ ಬರೆದಿರುವ ಇತರ ಹಕ್ಕಿಗಳು ಇನ್ನೂ ಬದುಕಿವೆ, ಚಿತ್ರವನ್ನು ಅವುಗಳೊಂದಿಗೆ ಹೋಲಿಸಿ ನೋಡಬಹುದು. ಅವುಗಳಲ್ಲಿ ಒಂದು ಪಟ್ಟೆತಲೆ ಹೆಬ್ಬಾತು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಹಕ್ಕಿ ಹಿಮಾಲಯವನ್ನು ದಾಟಿ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಂಡುಹಿಂಡಾಗಿ ಬಂದಿಳಿಯುತ್ತದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಯ ದಂಡೆಯಲ್ಲಿ ನಿಂತು, ಪಟ್ಟೆಗಳು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತವೆ ಎಂದು ನಮ್ಮ ವಿದ್ಯಾರ್ಥಿಗಳು ಉಸ್ತಾದರ ಕೆಲಸವನ್ನು ಇಂದೂ ತಾಳೆ ನೋಡಬಹುದು.